ಮದುವೆಯ ಪಾಳಿಗೆ ಬಂದ ಹಸಿರು ನೀರು

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷದ ಬೇಸಿಗೆ. ಸರ್ಕಾರದ ಅಂತರ್ಜಲ ವಿಭಾಗದಲ್ಲಿ ಹಿರಿಯ ಭೂವಿಜ್ಞಾನಿಯಾಗಿ ನಾನು ಬೀದರ್ ಜಿಲ್ಲೆಯಲ್ಲಿದ್ದೆ. ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಕೆಲಸ ನನ್ನ ಪಾಲಿಗೆ ಬಂದಿತ್ತು. ಹುಮನಾಬಾದಿನ ಪ್ರವಾಸಿ ಮಂದಿರದಲ್ಲಿ ಒಂದು ಕೋಣೆ, ಓಡಾಡಲು ಇಲಾಖೆಯ ಹಳೆಯ ಜೀಪು. ಜನರ ಲೆಕ್ಕದಲ್ಲಿ ನಾನು ಬೋರ್‌ವೆಲ್ಲಿಗೆ ಜಾಗ ತೋರಿಸುವವಳು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರಿಗೂ ನನಗೂ ಅವರು ಕಂಡಿದ್ದ ವ್ಯತ್ಯಾಸ ಸಂಬಳದ್ದೊಂದೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಾ ಅಂಜುಬುರುಕಿ. ಲಿಫ್ಟು, ಎಮ್ಮೆ, ಮೇಲಧಿಕಾರಿಯ ಫೋನು, ಎಲ್ಲಕ್ಕೂ ಹೆದರಿದವಳು. ಭೂಮಿಯ ಒಳಗಿರುವುದನ್ನು ಮೇಲೆ ನಿಂತು ಹೇಳಬೇಕಾದ ಈ ವೃತ್ತಿಯಲ್ಲಿ ಇಂಥವಳು ಮೂವತ್ತು ವರ್ಷ ಹೇಗೆ ಕಳೆದಳು ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು. ಆದರೆ ಆ ಬೇಸಿಗೆಯಲ್ಲಿ ನಾನು ಹೆದರಿದಷ್ಟು ಅದಕ್ಕೆ ಮೊದಲೂ ಹೆದರಿಲ್ಲ, ಆಮೇಲೂ ಇಲ್ಲ.

ಹುಮನಾಬಾದಿನ ಸುತ್ತ ಎತ್ತರದ ಬಯಲುಗಳಿವೆ. ಮೇಲೆ ಕೆಂಪು ಕಲ್ಲಿನ ದಪ್ಪ ಪದರ. ನಾವು ಲ್ಯಾಟರೈಟ್ ಎನ್ನುತ್ತೇವೆ. ಅದರ ಕೆಳಗೆ ಜೇಡಿ. ಮಳೆನೀರು ಕಲ್ಲಿನಲ್ಲಿ ಇಳಿದು, ಜೇಡಿಯ ಮೇಲೆ ನಿಂತು, ಗುಡ್ಡದ ಅಂಚಿನಲ್ಲಿ ದಾರಿ ಸಿಕ್ಕಲ್ಲಿ ಝರಿಯಾಗಿ ಹೊರಬರುತ್ತದೆ. ಅಂಥ ಒಂದು ಬಯಲಿನ ಮೇಲೆ ಗಾಳಿ ವಿದ್ಯುತ್ತಿನ ಎಂಟು ಕಂಬಗಳನ್ನು ನಿಲ್ಲಿಸಲು ಒಂದು ಕಂಪನಿ ಬಂದಿತ್ತು. ಸರ್ಕಾರದ ದಾಖಲೆಯಲ್ಲಿ ಆ ಬಯಲು ಖರಾಬು ಜಮೀನು. ಮನುಷ್ಯರ ವಾಸವಿಲ್ಲ, ಬೆಳೆಯಿಲ್ಲ, ಗಾಳಿ ಮಾತ್ರ ಭರ್ತಿಯಾಗಿದೆ. ಕಲ್ಲಿದ್ದಲು ಸುಡದೆ ಕರೆಂಟು ಬರುವುದಾದರೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು ಎಂದು ಎಲ್ಲರೂ ಅಂದರು. ನಾನೂ ಅಂದೆ. ಈಗಲೂ ನಾನು ಗಾಳಿ ವಿದ್ಯುತ್ತಿನ ಪರವೇ.

ಗುಡ್ಡದ ಬುಡದಲ್ಲಿ ಒಂದು ಊರು. ಹೆಸರು ಬರೆಯುವುದಿಲ್ಲ, ಬೇಮಳಖೇಡದ ಕಡೆಯದು ಎಂದಿಟ್ಟುಕೊಳ್ಳಿ. ಊರಿನ ಕುರಿಗಳು ಮೇಯುವುದು ಆ ಖರಾಬು ಜಮೀನಿನಲ್ಲೇ. ಊರಿನ ಅನ್ನ ಮಾತ್ರ ಝರಿಯದು. ಝರಿಯ ಬಾಯಿಗೆ ಕಲ್ಲು ಕಟ್ಟಿದ ಹೊಂಡ, ಹೊಂಡದಿಂದ ಒಂದು ಸಣ್ಣ ಕಾಲುವೆ, ಕಾಲುವೆಯ ಎರಡೂ ಬದಿಗೆ ಚಿಕ್ಕಚಿಕ್ಕ ತುಂಡು ಹೊಲಗಳು. ಮೆಂತ್ಯೆ, ಕೊತ್ತಂಬರಿ, ಪಾಲಕ್, ಸ್ವಲ್ಪ ಶುಂಠಿ. ಕಾಲುವೆಯ ತುದಿಯಲ್ಲಿ ಕೂಲಿಗೂ ಹೋಗುವ ಬೌದ್ಧ ಮನೆಗಳವರ ತುಂಡುಗಳು. ಹಗಲು ರಾತ್ರಿ ನೀರು ಹರಿಯುತ್ತಲೇ ಇರುತ್ತದೆ. ಯಾರ ಹೊಲಕ್ಕೆ ಯಾವ ಹೊತ್ತು ಎಂಬುದು ಪಾಳಿಯ ಮೇಲೆ ನಡೆಯುತ್ತದೆ. ಹುಮನಾಬಾದಿನ ಸಂತೆಗೆ ಬೆಳಿಗ್ಗೆ ಹೋಗುವ ಸೊಪ್ಪಿನ ಗಂಟುಗಳಲ್ಲಿ ಈ ಊರಿನವು ಬೇಗ ಖಾಲಿಯಾಗುತ್ತವೆ ಎಂದು ಅಲ್ಲಿಯ ಹೆಂಗಸರು ಜಂಬದಿಂದ ಹೇಳುತ್ತಿದ್ದರು.

ಕಂಬ ನಿಲ್ಲಿಸಬೇಕಾದರೆ ಆಳವಾದ ಕಾಂಕ್ರೀಟಿನ ಪಾಯ ಬೇಕು. ಅದಕ್ಕೆ ಮೊದಲು ಕೊರೆದು ನೋಡುತ್ತಾರೆ. ಐದನೇ ಕಂಬದ ಜಾಗದಲ್ಲಿ ಕೊರೆಯುವಾಗ ಯಂತ್ರಕ್ಕೆ ಬಿಟ್ಟ ನೀರು ಮೇಲಕ್ಕೆ ವಾಪಸು ಬರಲೇ ಇಲ್ಲ. ಎಷ್ಟು ಹಾಕಿದರೂ ಗಟಗಟ ಕುಡಿದುಬಿಡುತ್ತಿತ್ತು. ಕಂಪನಿಯ ಸೈಟ್ ಮ್ಯಾನೇಜರ್ ದಿನಕರ್ ಕರಾವಳಿಯ ಕಡೆಯವರು. “ಕೆಂಪು ಕಲ್ಲು ಅಲ್ವಾ ಮೇಡಂ, ನೀರು ಕುಡೀತದೆ, ನಮ್ಮೂರಲ್ಲೂ ಹಾಗೇ” ಎಂದರು. ಇರಬಹುದು. ಆದರೆ ನೆಲ ಅಷ್ಟು ಬಾಯಾರಿದಂತೆ ಕುಡಿಯುವುದು ನನಗೆ ಸರಿಕಾಣಲಿಲ್ಲ. ಬಣ್ಣದ ಪರೀಕ್ಷೆ ಆಗುವವರೆಗೆ ಪಾಯ ಹಾಕಬಾರದು ಎಂದು ಬರೆದುಕೊಟ್ಟೆ.

ಬಣ್ಣದ ಪರೀಕ್ಷೆ ಎಂದರೆ ಇಷ್ಟೇ. ಯುರನೀನ್ ಎಂಬ ಪುಡಿಯನ್ನು ನೀರಿನಲ್ಲಿ ಕದಡಿ ಕೊರೆದ ತೂತಿಗೆ ಸುರಿಯುವುದು. ಆ ನೀರಿಗೂ ಝರಿಗೂ ಒಳಗಿಂದೊಳಗೆ ಸಂಬಂಧವಿದ್ದರೆ ಒಂದಲ್ಲ ಒಂದು ದಿನ ಝರಿಯ ನೀರಿನಲ್ಲಿ ಬಣ್ಣದ ಅಂಶ ಸಿಗುತ್ತದೆ. ವಿಷವಲ್ಲ, ಇದೇ ಜಾತಿಯ ಬಣ್ಣವನ್ನು ಕಣ್ಣಿನ ಡಾಕ್ಟರು ರೋಗಿಯ ನರಕ್ಕೇ ಚುಚ್ಚುತ್ತಾರೆ. ಕೆಂಪು ಕಲ್ಲಿನಲ್ಲಿ ನೀರು ಸಾಮಾನ್ಯವಾಗಿ ಜಿನುಗುತ್ತದೆ, ಓಡುವುದಿಲ್ಲ. ಕಂಬದ ಜಾಗದಿಂದ ಝರಿಗೆ ನಡೆದು ಹೋಗಲು ಅರ್ಧ ಗಂಟೆಯ ದೂರ. ಸೂತ್ರ ಹಾಕಿ ನೋಡಿದಾಗ, ಬಂದರೆ ಹದಿನೈದು ದಿನಕ್ಕೆ ಮೊದಲು ಬರುವ ಮಾತೇ ಇರಲಿಲ್ಲ. ಎಂಟನೇ ದಿನದಿಂದ ಝರಿಯ ನೀರಿನ ಮಾದರಿ ಹಿಡಿಯಲು ನಮ್ಮ ಹುಡುಗರನ್ನು ಗೊತ್ತು ಮಾಡಿದೆ. ಅದೇ ಬೇಗವಾಯಿತು ಎಂದು ದಿನಕರ್ ನಕ್ಕರು.

ಊರಿನ ಪಂಚಾಯಿತಿ ಕಟ್ಟೆಯ ಮೇಲೆ ಎಲ್ಲ ವಿವರಿಸಿ ಹೇಳಿದೆ. ಡಂಗುರವನ್ನೂ ಸಾರಿಸಿದೆ. ಆಗ ಶರಣಪ್ಪ ಎಂಬ ರೈತ ಎದ್ದು ನಿಂತರು. ಝರಿಯ ಪಾಳಿ ನೋಡಿಕೊಳ್ಳುವವರೂ ಅವರೇ.

“ಮೇಡಂ, ನಾಡದ್ದ ನಮ್ಮ ಮಗಳ ಮದಿವಿ ಅದ. ಬೀಗರು ಕೊಡಂಬಲದಾಗಿಂದ ಬರ್ತಾರ. ನಡುವ ನಿಮ್ಮ ಬಣ್ಣ ಬಂದು ನಮ್ಮ ಮಾನ ಕಳಿಯಂಗಿಲ್ಲಲ್ರಿ?”

“ನಿಮ್ಮ ಬೀಗರು ಉಂಡು ಊರು ಸೇರಿ, ಮಗಳು ಮೊದಲ ಸಲ ತವರಿಗೆ ಬಂದು ಹೋದ ಮೇಲೆ ಬರಬಹುದು” ಎಂದೆ. ಎಲ್ಲರೂ ನಕ್ಕರು. ಹೆದರುಪುಕ್ಕಲಿಗೆ ಜನರನ್ನು ನಗಿಸಿದರೆ ಸ್ವಲ್ಪ ಧೈರ್ಯ ಬರುತ್ತದೆ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ನಾನೇ ಪುಡಿ ತೂಗಿ, ಕದಡಿ, ತೂತಿಗೆ ಸುರಿದೆ. ಹಿಂದೆಯೇ ಎರಡು ಟ್ಯಾಂಕರ್ ನೀರು ಬಿಡಿಸಿದೆ. ಕೈಗೆ ಹತ್ತಿದ ಬಣ್ಣವನ್ನು ಪ್ರವಾಸಿ ಮಂದಿರದಲ್ಲಿ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದು ಮಲಗಿದೆ.

ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಫೋನು. ಶರಣಪ್ಪನ ದನಿ ಗುರುತೇ ಹತ್ತಲಿಲ್ಲ.

“ಮೇಡಂ, ನೀರು ಹಸರ ಆಗ್ಯಾದ್ರಿ. ಸುರಗಿ ನೀರು. ನನ್ನ ಮಗಳ ಮೈಮ್ಯಾಲ ಹಾಕಿಬಿಟ್ಟಾರ್ರಿ.”

ಈ ಸೀಮೆಯಲ್ಲಿ ಮದುವೆಯ ದಿನ ಮದುಮಕ್ಕಳನ್ನು ನಡುವೆ ಕೂಡಿಸಿ, ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ ನೀರು ಹಾಕುತ್ತಾರೆ. ಅದು ಸುರಗಿ. ಮುತ್ತೈದೆಯರು ಬೆಳಕು ಹರಿಯುವ ಮೊದಲೇ ಹೋಗಿ ಝರಿಯಿಂದ ಆ ನೀರು ತಂದಿದ್ದರು. ಮಸುಕಿನಲ್ಲಿ, ಹಿತ್ತಾಳೆಯ ಕೊಡದಲ್ಲಿ ಬಣ್ಣ ಯಾರ ಕಣ್ಣಿಗೂ ಬಿದ್ದಿಲ್ಲ. ಯುರನೀನಿನ ಗುಣವೇ ಅದು. ಬಿಸಿಲು ಬಿದ್ದಾಗಲೇ ಹೊಳೆಯುತ್ತದೆ. ಅಂಗಳದಲ್ಲಿ ಹೊತ್ತು ಮೂಡಿದ ಮೇಲೆ, ಅರಿಶಿನ ಹಚ್ಚಿದ ಹುಡುಗಿಯ ತಲೆಯ ಮೇಲಿಂದ ಆ ನೀರು ಇಳಿಯುವಾಗ ಗಿಳಿ ಹಸಿರಾಗಿ ಮಿಂಚಿತಂತೆ. ಹಾಡುತ್ತಿದ್ದ ಹೆಂಗಸರು ಕಿರುಚಿದರು. ಹುಡುಗಿ ಎದ್ದು ಓಡಿದಳು. ನೂಲು ಹರಿಯಿತು.

ಕೂಡಲೇ ಜೀಪು ಹತ್ತಿದೆ. ಹದಿನೈದು ದಿನ ಎಂದವಳು ನಾನು. ಒಂದೇ ರಾತ್ರಿಯಲ್ಲಿ ಬಂದಿದೆ ಎಂದರೆ ಇದು ನನ್ನ ಬಣ್ಣವೇ ಅಲ್ಲವೇನೋ. ಕಂಪನಿಯ ಶೆಡ್ಡಿನಲ್ಲಿ ಇನ್ನೂ ಏನೇನೋ ಡಬ್ಬಿಗಳಿದ್ದವು. ನನ್ನ ಪೊಟ್ಟಣದಲ್ಲಿದ್ದದ್ದು ಯುರನೀನೇ ತಾನೆ? ನಾನೇ ತೂಗಿದ್ದು, ನಾನೇ ಚೀಟಿ ಓದಿದ್ದು, ಪೊಟ್ಟಣ ನಾನೇ ಬಿಚ್ಚಿದ್ದು. ಆದರೂ ಭಯಕ್ಕೆ ನೆನಪಿನ ಮೇಲೆ ನಂಬಿಕೆ ಇರುವುದಿಲ್ಲ. ಮೊದಲು ದೇವರನ್ನು, ಆಮೇಲೆ ನನ್ನ ಪ್ರೊಫೆಸರರನ್ನು, ಆಮೇಲೆ ಮತ್ತೆ ದೇವರನ್ನು ನೆನೆದೆ. ದಾರಿಯಲ್ಲೇ ತಾಲ್ಲೂಕು ಆಸ್ಪತ್ರೆಗೆ ಫೋನು ಮಾಡಿ ಡಾಕ್ಟರನ್ನು ಕಳಿಸುವಂತೆ ಕೇಳಿಕೊಂಡೆ.

ಊರು ಮುಟ್ಟಿದಾಗ ಜನವೆಲ್ಲ ಹೊಂಡದ ಸುತ್ತ ಸೇರಿತ್ತು. ದಿನಕರ್ ಆಗಲೇ ಬಂದು ಒಂದು ಬದಿಗೆ ನಿಂತಿದ್ದರು, ಮುಖದಲ್ಲಿ ರಕ್ತವಿರಲಿಲ್ಲ. ಜನರನ್ನು ಸರಿಸಿ ಹೊಂಡ ನೋಡಿದೆ. ಅಂಚಿನವರೆಗೆ ತುಂಬಿದ ನೀರು ಬಿಸಿಲಿಗೆ ಹಸಿರಾಗಿ ಉರಿಯುತ್ತಿತ್ತು. ಇಷ್ಟು ಗಾಢ ಬಣ್ಣವನ್ನು ನಾನು ಪ್ರಯೋಗಾಲಯದ ಬಾಟಲಿಯಲ್ಲಿ ಬಿಟ್ಟರೆ ಹೊರಗೆ ಕಂಡವಳಲ್ಲ.

ಒಬ್ಬ ಗಂಡಸು ಕೂಗಿದ. “ನಮ್ಮ ಎಮ್ಮಿ ಕುಡದಾವ. ಪೋರಗೋಳು ಕುಡದಾವ. ಯಾರ್ದು ಜಿಮ್ಮೇದಾರಿ?” ಇನ್ನೊಬ್ಬ ಜೀಪಿನ ಬಾನೆಟ್ಟಿಗೆ ಗುದ್ದಿದ. ಶರಣಪ್ಪನ ಹಿರಿಯ ಮಗಳು, ಬಸುರಿ, ಗೋಡೆ ಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದಳು. ಅದನ್ನು ನೋಡಿದ ಕ್ಷಣ ನನಗೆ ಓಡಿಹೋಗಬೇಕು ಎನಿಸಿತು. ಓಡುವುದಕ್ಕೂ ಕಾಲು ಬೇಕಲ್ಲ.

ಶರಣಪ್ಪನ ತಾಯಿ ಕಾಶಮ್ಮ ಒಂದು ಸ್ಟೀಲ್ ಲೋಟದಲ್ಲಿ ಹೊಂಡದ ನೀರು ಮೊಗೆದು ನನ್ನ ಮುಂದೆ ಹಿಡಿದರು.

“ಖರೇ ಏನೂ ಇಲ್ಲಂದ್ರ ನೀ ಕುಡಿ ಬೇ.”

ಕುಡಿದೆ. ಧೈರ್ಯದಿಂದ ಎಂದು ಯಾರೂ ತಿಳಿಯಬಾರದು. ಹಲ್ಲು ಲೋಟಕ್ಕೆ ಟಕಟಕ ಬಡಿಯುತ್ತಿದ್ದುದು ಅಲ್ಲಿದ್ದ ಎಲ್ಲರಿಗೂ ಕೇಳಿಸಿತು. ನೀರು ತಣ್ಣಗೆ, ರುಚಿಯಾಗಿ, ಎಂದಿನ ಝರಿಯ ನೀರಾಗಿಯೇ ಇತ್ತು. ಇನ್ನೊಂದು ಲೋಟ ಕೊಡಿ ಎಂದೆ, ಗಂಟಲು ಒಣಗಿತ್ತು. ಅಷ್ಟರಲ್ಲಿ ಡಾಕ್ಟರ್ ಬಂದರು. ಮಕ್ಕಳನ್ನು ನೋಡಿದರು, ಬಸುರಿಯ ನಾಡಿ ಹಿಡಿದರು. ಅವಳು ಆ ನೀರನ್ನು ಮುಟ್ಟಿಯೇ ಇರಲಿಲ್ಲ, ಗಾಬರಿಯಿಂದ ಹೊಟ್ಟೆ ತೊಳೆಸಿತ್ತು. ಪುಡಿಯ ಪೊಟ್ಟಣದ ಚೀಟಿ ಓದಿ ಡಾಕ್ಟರು, ಇದು ಕಣ್ಣಿನ ಪರೀಕ್ಷೆಗೆ ಬಳಸುವ ಬಣ್ಣ, ಯಾರಿಗೂ ಏನೂ ಆಗುವುದಿಲ್ಲ, ಎಂದು ಗಟ್ಟಿಯಾಗಿ ಹೇಳಿದರು. ಜನರ ದನಿ ಇಳಿಯಿತು. ನನಗೆ ಅಳು ಬಂತು, ತಡೆದುಕೊಂಡೆ.

ಆದರೂ ಒಂದು ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಸುರಿದದ್ದು ಅಷ್ಟೇ ಪುಡಿ, ಝರಿ ಹರಿಯುವ ನೀರು. ಇಷ್ಟು ಗಾಢ ಬಣ್ಣ ನಿಂತದ್ದು ಹೇಗೆ? ಶರಣಪ್ಪನನ್ನು ಕೇಳಿದೆ.

“ನಿನ್ನಿ ಸಂಜಿಗೆ ಕಟ್ಟೀವಲ್ರಿ. ಮದಿವಿ ಪಾಳಿ” ಎಂದರು.

ಆ ಊರಿನ ಪದ್ಧತಿ ಹೀಗೆ. ಯಾರ ಮನೆಯಲ್ಲಿ ಮದುವೆಯಾದರೂ ಹಿಂದಿನ ಸಂಜೆ ಎಲ್ಲ ಮನೆಯವರೂ ತಮ್ಮ ತಮ್ಮ ಪಾಳಿ ಬಿಟ್ಟುಕೊಡುತ್ತಾರೆ. ಹೊಂಡದ ಬಾಯಿಗೆ ಹಲಗೆ ಇಟ್ಟು, ಜೇಡಿ ಮೆತ್ತಿ, ಕಾಲುವೆ ನಿಲ್ಲಿಸುತ್ತಾರೆ. ಇಡೀ ರಾತ್ರಿಯ ನೀರು ಮದುವೆಯ ಮನೆಗೆ. ಅಡಿಗೆಗೆ, ಸ್ನಾನಕ್ಕೆ, ಸುರಗಿಗೆ. ವರ್ಷದಲ್ಲಿ ಮೂರೋ ನಾಲ್ಕೋ ರಾತ್ರಿ ಮಾತ್ರ ಆ ಝರಿಯ ನೀರು ಕಾಲುವೆಗೆ ಹರಿಯದೆ ಹೊಂಡದಲ್ಲಿ ನಿಲ್ಲುತ್ತದೆ. ನಾನು ಪುಡಿ ಸುರಿದದ್ದು ಅಂಥ ಒಂದು ದಿನ. ಗುಡ್ಡದೊಳಗಿಂದ ರಾತ್ರಿ ಬಂದ ಬಣ್ಣವೆಲ್ಲ ಎಲ್ಲೂ ಹೋಗದೆ ಹೊಂಡದಲ್ಲೇ ಶೇಖರವಾಗಿತ್ತು.

ಇಷ್ಟು ಹೊತ್ತಿಗೆ ದಿನಕರ್ ನನ್ನನ್ನು ಬದಿಗೆ ಕರೆದರು. ಕೆಟ್ಟ ಮನುಷ್ಯರಲ್ಲ.

“ಮೇಡಂ, ವಿಷ ಅಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು. ಇಲ್ಲಿಗೇ ಬಿಡುವ. ಮದುವೆ ಆಗಲಿ ಪಾಪ. ನಿಮ್ಮ ಮಾದರಿ ಎಂಟನೇ ದಿನದಿಂದ ಅಲ್ವಾ, ರಿಪೋರ್ಟಿಗೆ ಅದನ್ನೇ ತಗೊಳ್ಳುವ.”

ಆಗ ನನಗೆ ಎರಡನೆಯ ಭಯ ಹತ್ತಿತು. ಮೊದಲಿನದು ಜನರ ಭಯ, ಲಾಠಿಯ ಭಯ, ಪತ್ರಿಕೆಯ ಭಯ. ಇದು ಬೇರೆ. ಎಂಟನೇ ದಿನಕ್ಕೆ ಹಿಡಿದ ಮಾದರಿಯಲ್ಲಿ ಏನೂ ಸಿಗುತ್ತಿರಲಿಲ್ಲ. ಬಣ್ಣ ಒಂದೇ ರಾತ್ರಿಯಲ್ಲಿ ಬಂದು ಹರಿದುಹೋಗಿರುತ್ತಿತ್ತು. ಒಂದು ರಾತ್ರಿಯಲ್ಲಿ ನೀರು ಅಷ್ಟು ದೂರ ಬರಬೇಕಾದರೆ ಜಿನುಗಿ ಬಂದಿಲ್ಲ, ಓಡಿ ಬಂದಿದೆ. ಎಂದರೆ ಗುಡ್ಡದೊಳಗೆ ಕೊಳವೆಯಂಥ ಪೊಳ್ಳು ದಾರಿ ಇದೆ. ಐದನೇ ಕಂಬದ ಪಾಯ ಬರುವುದು ಸರಿಯಾಗಿ ಅದರ ನೆತ್ತಿಯ ಮೇಲೆ. ಅಲ್ಲಿ ಸುರಿದ ಕಾಂಕ್ರೀಟು ಆ ದಾರಿಯನ್ನು ಹಿಡಿದು ಇಳಿಯುತ್ತದೆ, ಇಳಿದು ಗಟ್ಟಿಯಾಗುತ್ತದೆ. ಗಂಟಲಿಗೆ ಬಿರಡೆ ಜಡಿದ ಹಾಗೆ. ಒಮ್ಮೆ ಮುಚ್ಚಿದ್ದನ್ನು ಯಾವ ಎಂಜಿನಿಯರೂ ಮತ್ತೆ ತೆರೆಯಲಾರ.

ಹೊಂಡದ ಬಳಿಯಿಂದ ಮದುವೆ ಮನೆಯ ಅಂಗಳಕ್ಕೆ ಬಂದಾಗ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ವರನ ಸೋದರಮಾವ, ಕೊಡಂಬಲದ ಹಿರಿಯರು, ರುಮಾಲು ಸರಿಮಾಡಿಕೊಂಡು ಕೇಳಿದರು. “ಮೇಡಂ, ಒಂದೇ ಮಾತು ಹೇಳ್ರಿ. ಎಲ್ಲಾ ಬರೋಬರಿ ಅದನೋ ಇಲ್ಲೋ? ಅದ ಅಂದ್ರ ಅಕ್ಷತಿ ಹಾಕ್ತೀವಿ. ಇಲ್ಲಂದ್ರ ಗಾಡಿ ಹತ್ತತೀವಿ.”

ಶರಣಪ್ಪ ನನ್ನ ಕಡೆ ನೋಡಿದ ನೋಟ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಕೈ ಮುಗಿದಿದ್ದರು. ‘ಎಲ್ಲ ಸರಿ ಇದೆ’ ಎಂಬ ಒಂದು ಮಾತು ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ, ನೀರಿನಲ್ಲಿ ವಿಷ ಇರಲಿಲ್ಲವಲ್ಲ. ಗುಡ್ಡ ಪೊಳ್ಳು ಎಂಬ ಮಾತನ್ನು ನಾಳೆ ಹೇಳಿದರೂ ನಡೆಯುತ್ತಿತ್ತು ಎಂದು ಈಗ ಯಾರಾದರೂ ಅನ್ನಬಹುದು. ನಾನು ನನ್ನನ್ನು ಬಲ್ಲೆ. ಅಲ್ಲಿ ‘ಎಲ್ಲ ಸರಿ’ ಎಂದಿದ್ದರೆ ನಾಳೆ ಅದನ್ನೇ ಉಳಿಸಿಕೊಳ್ಳಲು ನೋಡುತ್ತಿದ್ದೆ.

ಒಳಗಿನಿಂದ ಮದುಮಗಳು ಬಂದಳು. ಸುನೀತಾ ಎಂದು ಹೆಸರು. ಒದ್ದೆ ಕೂದಲು, ಮೇಲೆ ಚಾದರ, ಕುತ್ತಿಗೆಯ ಅರಿಶಿನದ ಮೇಲೆ ಇನ್ನೂ ಹಸಿರು ಗೆರೆ. ಎಲ್ಲರ ಮುಂದೆ ಮದುಮಗಳು ಮಾತಾಡುವುದು ಆ ಊರಿನಲ್ಲಿ ಹೊಸದು. ಕಾಶಮ್ಮ ತಡೆಯಲು ಹೋದರು, ಅವಳು ನಿಲ್ಲಲಿಲ್ಲ.

“ಮೇಡಂ, ನನಗೇನೂ ಆಗಿಲ್ಲ. ನಾ ಇವತ್ತು ಈ ಊರು ಬಿಟ್ಟು ಹೋಗಾಕಿ. ಇಲ್ಲೇ ಇರೋರಿಗೆ ಏನದ, ಅದನ್ನ ಹೇಳ್ರಿ.”

ಹೇಳಿದೆ. ಇವತ್ತಿನ ನೀರಿನಿಂದ ಯಾರಿಗೂ ತೊಂದರೆಯಿಲ್ಲ ಎಂದೆ. ಆದರೆ ಗುಡ್ಡದ ಹೊಟ್ಟೆಯಲ್ಲಿ ತೆರೆದ ದಾರಿ ಇದೆ. ಮೇಲೆ ಬಿದ್ದದ್ದೆಲ್ಲ, ಎಣ್ಣೆಯಾಗಲಿ ಸಿಮೆಂಟಾಗಲಿ, ಒಂದೇ ರಾತ್ರಿಯಲ್ಲಿ ನಿಮ್ಮ ಹೊಂಡಕ್ಕೆ ಬರುತ್ತದೆ. ಐದನೇ ಕಂಬ ಅಲ್ಲಿ ನಿಂತರೆ ಈ ಝರಿ ನಿಲ್ಲಬಹುದು, ಎಂದೆ. ಹೇಳುವಾಗ ದನಿ ಎಷ್ಟು ನಡುಗಿತೆಂದರೆ ಕೆಲವು ಮಾತು ಎರಡೆರಡು ಸಲ ಹೇಳಬೇಕಾಯಿತು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಹೊಂಡದ ಕಡೆ ನೋಡುತ್ತ ನಿಂತರು. ಕಾಲುವೆಯ ತುದಿಯ ಹೊಲದ ಒಬ್ಬ ಹೆಂಗಸು ಮಾತ್ರ ಮೆಲ್ಲಗೆ, “ನಿಂತ್ರ ಮೊದಲ ನಮ್ಮದೇ ನಿಲ್ತದ” ಎಂದಳು.

ಕೊಡಂಬಲದ ಹಿರಿಯರೇ ಮುಂದೆ ಬಂದರು. “ನೀರು ಕೆಟ್ಟಿಲ್ಲ ಅಂದ್ರಲ್ಲ, ಮುಗೀತು. ಮುಹೂರ್ತ ಮೀರಾಕತ್ತದ, ನಡೀರಿ” ಎಂದರು. ಊರಾಚೆಯ ಒಂದು ತೋಟದ ಬಾವಿಯಿಂದ ನೀರು ತಂದು ಮತ್ತೊಮ್ಮೆ ಸುರಗಿ ಸುತ್ತಿದರು. ಅಕ್ಷತೆ ಬಿತ್ತು. ನಾನೂ ಊಟಕ್ಕೆ ಕೂತೆ.

ಅದೇ ಸಂಜೆ, ಹಲಗೆ ತೆಗೆಯುವ ಮೊದಲು, ಹೊಂಡದ ನೀರಿನ ಮಾದರಿ ಹಿಡಿದು, ಊರವರ ಮುಂದೆ ಸೀಲು ಮಾಡಿ ಕಳಿಸಿದೆ. ವರದಿಗೆ ಅದನ್ನೇ ಆಧಾರ ಮಾಡಿದೆ. ಕಂಪನಿಯ ಕಡೆಯಿಂದ ಒತ್ತಡ ಬಂತು. ಮದುವೆ ಮನೆಯ ಗದ್ದಲವನ್ನು ವಿಜ್ಞಾನ ಎನ್ನಬೇಡಿ ಎಂದು ದೊಡ್ಡವರೊಬ್ಬರು ಫೋನಿನಲ್ಲಿ ಹೇಳಿದರು. ನಾನು ಆ ಫೋನಿಗೂ ಹೆದರಿದೆ, ಆದರೆ ಹೊಂಡದ ಬಳಿ ಹೆದರಿದಷ್ಟಲ್ಲ. ಎರಡನೇ ಸಲ ಪರೀಕ್ಷೆ ಮಾಡೋಣ ಎಂದವರು ದಿನಕರ್. ಈ ಬಾರಿ ಮೊದಲ ಗಂಟೆಯಿಂದಲೇ ಝರಿಯ ಬಳಿ ಕೂತೆವು, ಅವರೂ ಕೂತರು. ಬಣ್ಣ ಬಂತು, ಬೆಳಗಾಗುವಷ್ಟರಲ್ಲಿ ಹೋಯಿತು. ಹರಿಯುವ ನೀರಿನಲ್ಲಿ ಬರಿಗಣ್ಣಿಗೆ ಹೆಚ್ಚೇನೂ ಕಾಣಲಿಲ್ಲ, ಯಂತ್ರಕ್ಕೆ ಕಂಡಿತು. ಕೊನೆಗೆ ಐದನೇ ಮತ್ತು ಅದರ ಪಕ್ಕದ ಆರನೇ ಕಂಬಗಳು ಬಯಲಿನ ಆಚೆ ಬದಿಗೆ, ಕೆಳಗೆ ಗಟ್ಟಿ ಬಂಡೆಯಿದ್ದ ಕಪ್ಪು ಮಣ್ಣಿನ ಹೊಲಗಳಿಗೆ ಹೋದವು. ಝರಿಯ ನೆತ್ತಿಯ ಮೇಲಿನ ಬಯಲಿನಲ್ಲಿ ಅಗೆಯಬಾರದು ಎಂದು ಗಡಿ ಗುರುತಿಸಿದರು. ಅಲ್ಲಿ ಈಗಲೂ ಕುರಿ ಮೇಯುತ್ತವೆ. ಉಳಿದ ಆರು ಕಂಬಗಳ ರೆಕ್ಕೆಗಳು ಮೊದಲು ಗೊತ್ತಾದ ಜಾಗಗಳಲ್ಲೇ ತಿರುಗುತ್ತಿವೆ.

ಭಯಪಡುವವರಿಗೆ ಸಮಾಧಾನ ಹೇಳುವುದೇ ಅಧಿಕಾರಿಯ ಕೆಲಸ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಆ ಊರು ನನಗೆ ಕಲಿಸಿದ್ದು ಬೇರೆ. ಲೆಕ್ಕ ಹಾಕಿ ಒಂದು ಸಂಖ್ಯೆ ಬಂದ ಕೂಡಲೇ ನಮ್ಮ ಹೆದರಿಕೆ ಹೋಗುತ್ತದೆ, ಹೋಗಬಾರದು. ಹದಿನೈದು ದಿನ ಎಂಬ ಸಂಖ್ಯೆ ನನ್ನನ್ನು ಎಂಟು ದಿನ ನಿಶ್ಚಿಂತೆಯಿಂದ ಮಲಗಿಸಲು ಸಿದ್ಧವಾಗಿತ್ತು. ನೆಲದ ಕೆಲಸ ಮಾಡುವವರು ಹೆದರಿಕೆಯನ್ನು ಕೊನೆಯ ದಿನದವರೆಗೂ ಜೊತೆಗಿಟ್ಟುಕೊಳ್ಳಬೇಕು. ಅದೊಂದೇ ನಮಗೆ ಮತ್ತೊಮ್ಮೆ ಹೋಗಿ ನೋಡು ಎನ್ನುವುದು.

ನಿವೃತ್ತಿಯಾದ ಮೇಲೂ ಎಷ್ಟೋ ಸಲ ನಾನು ಆ ಮದುವೆ ಇಲ್ಲದ ಬೇಸಿಗೆಯನ್ನು ಕಲ್ಪಿಸಿಕೊಂಡು ಎದ್ದು ಕೂತಿದ್ದೇನೆ. ಹಲಗೆ ಇಟ್ಟಿರುತ್ತಿರಲಿಲ್ಲ. ಬಣ್ಣ ಕತ್ತಲಲ್ಲಿ ಬಂದು ಮೆಂತ್ಯೆಯ ಮಡಿಗಳಲ್ಲಿ ಇಂಗಿಹೋಗಿರುತ್ತಿತ್ತು. ಸಂಬಂಧವಿಲ್ಲ ಎಂದು ನಾನು ಸಹಿ ಹಾಕುತ್ತಿದ್ದೆ, ಪಾಯ ಬೀಳುತ್ತಿತ್ತು. ಮರುವರ್ಷ ಝರಿ ನಿಂತಾಗ ಕಾರಣ ತಿಳಿಯಲು ಇಲಾಖೆ ಕಳಿಸುತ್ತಿದ್ದುದು ನನ್ನನ್ನೇ. ನಾನು ಹೋಗಿ, ಒಣಗಿದ ಹೊಂಡದ ಪಕ್ಕ ನಿಂತು, ಮಳೆ ಕಡಿಮೆಯಾಗಿದೆ ಎಂದು ಹೇಳಿ ಬರುತ್ತಿದ್ದೆ. ಅವರು ನನಗೆ ಚಹಾ ಕೊಟ್ಟು, ನನ್ನ ಮಾತನ್ನು ನಂಬುತ್ತಿದ್ದರು.